ಯಂತ್ರದೊಳಗೊಂದು ಯಂತ್ರ

ನನಗೆ ಮೊದಲು ಅಕ್ಷರ ತಿದ್ದಿಸಿದವರು ನಮ್ಮ ಅಜ್ಜ. ತಿದ್ದಿಸಿದ್ದು ಸ್ಲೇಟಿನ ಮೇಲಲ್ಲ, ಕಾಗದದ ಮೇಲೂ ಅಲ್ಲ; ಜಗುಲಿಯಲ್ಲಿ ಹರಡಿದ ಮರಳಿನ ಮೇಲೆ. ಹೊಳೆಯಿಂದ ತಂದು, ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿದ ಮರಳು. ನನ್ನ ತೋರುಬೆರಳನ್ನು ಹಿಡಿದು ಅವರು ‘ಅ’ ಬರೆಸುವರು. ಸೊಟ್ಟಗಾದರೆ ಅಂಗೈಯಿಂದ ಒಮ್ಮೆ ಸವರಿಬಿಡುವರು; ಮರಳು ಮತ್ತೆ ಹೊಸದು. ಎಷ್ಟು ಸಲ ತಪ್ಪಿದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಐವತ್ತು ವರ್ಷಗಳ ಮೇಲೆ, ಈಚೆಗೆ, ಅಂಥದೇ ಮರಳಿನ ಮುಂದೆ ಮತ್ತೊಮ್ಮೆ ಕೂತು ತಿದ್ದುವ ಸುಯೋಗ ನನಗೆ ಒದಗಿತು. ಈ ಸಲ ಮರಳಿದ್ದದ್ದು ನಮ್ಮ ಮನೆಯ ಕಂಪ್ಯೂಟರಿನೊಳಗೆ. ಬೆರಳು ಹಿಡಿದು ತಿದ್ದಿಸಿದವನು ನನ್ನ ತಂಗಿಯ ಮಗ. ಆ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ವ್ಯಾಕರಣ, ಛಂದಸ್ಸು, ಹಳಗನ್ನಡ ಇವೇ ನನ್ನ ಬಂಡವಾಳ. ಕಂಪ್ಯೂಟರ್ ಶಾಸ್ತ್ರದಲ್ಲಿ ಓನಾಮವೂ ತಿಳಿಯದು. ಆದರೂ ಮನೆಯಲ್ಲೊಂದು ಕಂಪ್ಯೂಟರನ್ನು ಇಟ್ಟುಕೊಂಡದ್ದಕ್ಕೆ ಕಾರಣವುಂಟು. ಮಲೆನಾಡೂ ಬಯಲುಸೀಮೆಯೂ ಕೂಡುವ ನಮ್ಮ ಕಡೆಯ ಹಳ್ಳಿಗಳಲ್ಲಿ ವೃದ್ಧರ ಬಾಯಿಂದ ಹಳೆಯ ಮಾತುಗಳನ್ನು ಕೇಳಿ ಬರೆದಿಡುವ ಗೀಳು ನನಗೆ ಇಪ್ಪತ್ತು ವರ್ಷಗಳಿಂದ ಹತ್ತಿದೆ. ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಹಗೇವು, ನಟ್ಟಿಗೆ ಹೋಗುವವರು ಮಳೆಗೆ ಬೆನ್ನಮೇಲೆ ಹೊದೆಯುತ್ತಿದ್ದ ಗೊರಬು, ಹಾಲುಮೊಸರಿನ ಪಾತ್ರೆಯನ್ನು ತೂಗುಹಾಕುತ್ತಿದ್ದ ನೆಲುವು, ಹೀಗೆ ೪೨೦೦ ಮಾತುಗಳು, ಅರ್ಥದೊಡನೆ, ಹೇಳಿದವರ ಊರಿನೊಡನೆ, ಒಂದೊಂದು ವಾಕ್ಯದ ಪ್ರಯೋಗದೊಡನೆ, ಆ ಯಂತ್ರದಲ್ಲಿ ಸೇರಿವೆ. ಹೇಳಿದವರಲ್ಲಿ ಮುಕ್ಕಾಲು ಪಾಲು ಮಂದಿ ಇಂದು ಇಲ್ಲ. ನನ್ನ ತಾಯಿಯೂ ಇಲ್ಲ. ಮತ್ತೊಮ್ಮೆ ಹೋಗಿ ಕೇಳಿ ಬರೆದುಕೊಳ್ಳೋಣವೆಂದರೆ ಆಗತಕ್ಕ ಕೆಲಸವಲ್ಲ.

ಕಳೆದ ೨೦೨೫ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಳಿಯ ಆ ಯಂತ್ರವನ್ನು ನೋಡಿ ಹುಬ್ಬು ಗಂಟಿಕ್ಕಿದ. “ಮಾವ, ಇದರಲ್ಲಿರುವುದು ವಿಂಡೋಸ್ ೧೦. ಅಕ್ಟೋಬರ್ ೧೪ಕ್ಕೆ ಅದರ ಸಾಮಾನ್ಯ ಅವಧಿ ಮುಗಿಯಿತು. ಇನ್ನು ಮೇಲೆ ಕಳ್ಳಕಿಂಡಿಗಳು ಕಂಡರೆ ಮುಚ್ಚುವ ದುರಸ್ತಿ ಮೊದಲಿನಂತೆ ತಾನಾಗಿ ಬರುವುದಿಲ್ಲ. ಮುಂದಿನ ಆವೃತ್ತಿ ಹೊಸ ಪ್ರೊಸೆಸರನ್ನೂ ಭದ್ರತೆಯದೊಂದು ಚಿಪ್ಪನ್ನೂ ಬೇಡುತ್ತದೆ, ನಿಮ್ಮದರಲ್ಲಿ ಅವಿಲ್ಲ” ಎಂದ. ಹಾಗಾದರೆ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಬೇಕೆ ಎಂದು ಕೇಳಿದೆ. “ಬೇಡ. ಡೆಬಿಯನ್ ಹಾಕಿ ನೋಡಿ. ಹಣ ಕೊಡಬೇಕಾದ್ದಿಲ್ಲ” ಎಂದ.

ಇಲ್ಲಿ ಆಪರೇಟಿಂಗ್ ಸಿಸ್ಟಂ ಎಂದರೇನೆಂಬುದನ್ನು, ನನಗೆ ತಿಳಿದ ಮಟ್ಟಿಗೆ, ಹೇಳಿಬಿಡುತ್ತೇನೆ. ಕೂಡುಕುಟುಂಬದಲ್ಲಿ ಹಿರಿಯ ಯಜಮಾನಿ ಇರುತ್ತಾಳಷ್ಟೆ. ಕಣಜದ ಬೀಗ ಅವಳ ಸೆರಗಿನಲ್ಲಿ. ಯಾರಿಗೆ ಎಷ್ಟು ಅಕ್ಕಿ, ಯಾರು ಯಾವ ಕೋಣೆಯಲ್ಲಿ ಮಲಗತಕ್ಕದ್ದು, ಒಲೆಯ ಮುಂದೆ ಯಾರ ಸರದಿ, ಎಲ್ಲವೂ ಅವಳ ಲೆಕ್ಕ. ಕಂಪ್ಯೂಟರಿನಲ್ಲಿ ಬರೆಯುವ ತಂತ್ರಾಂಶ, ಚಿತ್ರ ತೋರಿಸುವ ತಂತ್ರಾಂಶ, ಹಾಡು ಕೇಳಿಸುವ ತಂತ್ರಾಂಶ, ಇವೆಲ್ಲ ಸೊಸೆಯಂದಿರಿದ್ದಂತೆ. ಅವರಿಗೆಲ್ಲ ಜಾಗವನ್ನೂ ಕಾಲವನ್ನೂ ಹಂಚಿಕೊಡುವ ಯಜಮಾನಿಯೇ ಆಪರೇಟಿಂಗ್ ಸಿಸ್ಟಂ.

ಅಳಿಯ ಹೇಳಿದ ಡೆಬಿಯನ್ನಿನ ಹುಟ್ಟು ೧೯೯೩ರಲ್ಲಿ. ಇಯನ್ ಮರ್ಡಾಕ್ ಎಂಬ ವಿದ್ಯಾರ್ಥಿ ತನ್ನ ಹೆಸರನ್ನೂ ಕೈಹಿಡಿಯಲಿದ್ದ ಡೆಬ್ರಾಳ ಹೆಸರನ್ನೂ ಕೂಡಿಸಿ ಆ ಹೆಸರಿಟ್ಟನಂತೆ, ನಮ್ಮಲ್ಲಿ ಸಂಧಿಕಾರ್ಯವಾದಂತೆಯೇ. ಅದರ ಒಳತಿರುಳಾದ ಲಿನಕ್ಸನ್ನು ೧೯೯೧ರಲ್ಲಿ ಲೋಕಕ್ಕೆ ತಿಳಿಸಿದವನು ಫಿನ್ಲೆಂಡಿನ ಹೆಲ್ಸಿಂಕಿಯ ಲಿನಸ್ ಟೊರ್ವಾಲ್ಡ್ಸ್. ಆಗ ಆತನಿಗೆ ೨೧ ವರ್ಷ. ಅದಕ್ಕೂ ಮೊದಲು, ೧೯೮೩ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು ಯಾರು ಬೇಕಾದರೂ ಬಳಸಬಹುದಾದ, ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಬೇಕೆಂದು ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. ಇವೆರಡೂ ಕೂಡಿದ ಕೃಷಿಯ ಫಲವೇ ಇಂದಿನ ಡೆಬಿಯನ್. ಹಲವು ದೇಶಗಳ ಸ್ವಯಂಸೇವಕರು ಇದನ್ನು ಸಾಕುತ್ತಿದ್ದಾರೆ. ೨೦೨೩ರ ಸೆಪ್ಟೆಂಬರಿನಲ್ಲಿ ಅವರ ವಾರ್ಷಿಕ ಸಮ್ಮೇಳನ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು. ೨೦೨೫ರ ಆಗಸ್ಟಿನಲ್ಲಿ ಅದರ ೧೩ನೆಯ ಆವೃತ್ತಿ ಹೊರಬಂದಿತು.

ದುಡ್ಡಿಲ್ಲದೆ ಕೊಡುವುದೆಂದರೆ ನಮಗೆ ತಟ್ಟನೆ ಸಂಶಯ ಬರುತ್ತದೆ. ನನಗೂ ಬಂದಿತು. ಆಗ ಅತ್ತಿಮಬ್ಬೆಯ ನೆನಪಾಯಿತು. ಹತ್ತನೆಯ ಶತಮಾನದಲ್ಲಿ ಆ ಮಹಾತಾಯಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಓಲೆಗರಿಯ ಗ್ರಂಥವನ್ನು ಪಡೆದವನು ಓದಬಹುದು, ಪ್ರತಿಮಾಡಿಕೊಳ್ಳಬಹುದು, ಲಿಪಿಕಾರನ ತಪ್ಪು ಕಂಡರೆ ತಿದ್ದಬಹುದು, ಟೀಕೆ ಬರೆದು ಶಿಷ್ಯನಿಗೆ ಕೊಡಬಹುದು. ಮುಕ್ತ ತಂತ್ರಾಂಶದ ಕಟ್ಟಳೆಯೂ ಹೆಚ್ಚುಕಡಮೆ ಇಂಥದೆ. ಅದರ ಮೂಲ ಬರೆಹ ಎಲ್ಲರಿಗೂ ತೆರೆದಿದೆ. ಲಿನಕ್ಸಿನ ಕಟ್ಟಳೆಯಲ್ಲಿ ಇನ್ನೂ ಒಂದು ಮಾತುಂಟು: ತಿದ್ದಿ ಹಂಚುವವನು ತನಗೆ ದೊರೆತ ಸ್ವಾತಂತ್ರ್ಯವನ್ನು ಪಡೆಯುವವನಿಗೂ ಕೊಡಬೇಕು.

ತತ್ತ್ವವೇನೋ ಚೆನ್ನ. ಆದರೆ ಇಪ್ಪತ್ತು ವರ್ಷಗಳ ಗಂಟನ್ನು ಹೊತ್ತ ಯಂತ್ರದ ಹೊಟ್ಟೆ ಬಗೆಯುವ ಧೈರ್ಯ ನನಗಿರಲಿಲ್ಲ. “ನಿಮ್ಮದನ್ನು ಮುಟ್ಟುವುದೇ ಬೇಡ ಮಾವ. ಯಂತ್ರದೊಳಗೇ ಇನ್ನೊಂದು ಯಂತ್ರ ಮಾಡೋಣ” ಎಂದ ಅಳಿಯ.

ಇದು ಕಣ್ಕಟ್ಟಲ್ಲ, ಹಳೆಯ ವಿದ್ಯೆ. ೧೯೬೦ರ ದಶಕದಲ್ಲಿ ಕಂಪ್ಯೂಟರೆಂದರೆ ಒಂದು ಕೊಠಡಿ ತುಂಬುವ, ಅಪಾರ ಬೆಲೆಯ ವಸ್ತು. ಅದನ್ನು ಹಲವರು ಏಕಕಾಲಕ್ಕೆ ಬಳಸುವುದು ಹೇಗೆ? ಅಮೆರಿಕದ ಕೇಂಬ್ರಿಜ್ ಊರಿನ ಐಬಿಎಂ ಕೇಂದ್ರದವರು, ಒಂದೊಂದು ಮೇಜಿನ ಮುಂದೆ ಕೂತವನಿಗೂ ಇಡೀ ಯಂತ್ರ ತನ್ನೊಬ್ಬನದೇ ಎಂಬ ಭಾವನೆ ಬರುವಂತೆ ಒಂದು ಏರ್ಪಾಡು ಮಾಡಿದರು. ೧೯೭೨ರಲ್ಲಿ ವಿಎಂ/೩೭೦ ಎಂಬ ಹೆಸರಿನಿಂದ ಅದು ಪ್ರಕಟವಾಯಿತು. ಅದೇ ವಿದ್ಯೆ ಈಗ ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೂ ಬಂದಿದೆ. ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ಹಾಕಿಕೊಂಡರೆ ಅದು ಒಳಗೊಂದು ಯಂತ್ರವನ್ನು ಕಲ್ಪಿಸಿಕೊಡುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ೮ ಗಿಗಾಬೈಟ್ ಸ್ಮೃತಿಯಿದೆ; ಅದರಲ್ಲಿ ೪ನ್ನು ಒಳಯಂತ್ರಕ್ಕೆ ಎತ್ತಿಟ್ಟೆವು. ೨೫ ಗಿಗಾಬೈಟಿನ ಡಿಸ್ಕೊಂದನ್ನು ಗೊತ್ತುಮಾಡಿದೆವು. ಒಳಗಿರುವವನಿಗೆ ಅದು ಡಿಸ್ಕು. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಫೈಲು, ಅಷ್ಟೆ. ಬೇಡವಾದಾಗ ಆ ಫೈಲನ್ನು ಅಳಿಸಿದರೆ ಮರಳು ಸವರಿದಂತಾಯಿತು.

ಡೆಬಿಯನ್ನನ್ನು ಅದರಲ್ಲಿ ಹೂಡಲು ತೊಡಗಿದಾಗ ಮೊದಲು ಬಂದ ಪ್ರಶ್ನೆ, ಯಾವ ಭಾಷೆ ಎಂಬುದು. ಉದ್ದನೆಯ ಪಟ್ಟಿ. ಅದರ ನಡುವೆ ‘ಕನ್ನಡ’ ಎಂದಿತ್ತು, ಕನ್ನಡ ಅಕ್ಷರಗಳಲ್ಲೇ. ದೂರದ ಊರಿನ ಛತ್ರದಲ್ಲಿ ನಮ್ಮೂರಿನವರ ದನಿ ಕೇಳಿದಂತಾಯಿತು. ಅಲ್ಲಿಯ ಕನ್ನಡ ಎಲ್ಲ ಕಡೆಯೂ ಸೊಗಸಾಗಿದೆಯೆನ್ನಲಾರೆ. ಕೆಲವೆಡೆ ತರ್ಜುಮೆ ಪರೀಕ್ಷೆಯ ಉತ್ತರಪತ್ರಿಕೆಯನ್ನು ನೆನಪಿಸುತ್ತದೆ. ಕೆಲವೆಡೆ ಅನುವಾದವೇ ಆಗದೆ ಇಂಗ್ಲಿಷು ಉಳಿದಿದೆ. ಆದರೆ ಅದನ್ನು ತಿದ್ದುವ ಅಧಿಕಾರ ನಿಮಗೂ ಉಂಟು, ನನಗೂ ಉಂಟು. ಬರಿಯ ಗೊಣಗಾಟಕ್ಕೆ ಅಲ್ಲಿ ನೆಪವಿಲ್ಲ.

ಅಳಿಯ ಬೆಂಗಳೂರಿಗೆ ಹಿಂದಿರುಗಿದ. ಮರುದಿನವೇ ನನಗೆ ಪರೀಕ್ಷೆ. ಏನನ್ನೋ ಒತ್ತಿದೆ, ಒಳಯಂತ್ರ ಇಡೀ ಪರದೆಯನ್ನು ಆವರಿಸಿಬಿಟ್ಟಿತು. ಹಳೆಯ ಚಿತ್ರಗಳಿಲ್ಲ, ಹಳೆಯ ಗಡಿಯಾರವಿಲ್ಲ. ಎಲ್ಲವೂ ಅಳಿದುಹೋಯಿತೆಂದು ಎದೆ ಧಸಕ್ಕೆಂದಿತು. ನನ್ನ ಮನೆಯಾಕೆ ಕಾಫಿ ತಂದವಳು ನನ್ನ ಮುಖ ನೋಡಿ, “ಯಾರಿಗೇನಾಯ್ತು?” ಎಂದಳು. ಅಳಿಯನಿಗೆ ಫೋನು ಮಾಡಿದೆ. “ಬಲಗಡೆಯ ಕಂಟ್ರೋಲ್ ಕೀಲಿಯನ್ನೂ ಎಫ್ ಕೀಲಿಯನ್ನೂ ಒಟ್ಟಿಗೆ ಒತ್ತಿ ಮಾವ” ಎಂದ. ಒತ್ತಿದೆ. ಹಳೆಯ ಮನೆ ಇದ್ದಲ್ಲೇ ಇತ್ತು. ನಾನು ಹೊಸ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ, ಅಷ್ಟೆ.

ಇದಾದ ಮೇಲೆ ಧೈರ್ಯ ಹುಟ್ಟಿತು. ಒಳಯಂತ್ರದಲ್ಲಿ ಇನ್ನೂ ಒಂದು ಸೌಕರ್ಯವಿದೆ. ಅದರ ಈಗಿನ ಸ್ಥಿತಿಯನ್ನು ಹಾಗೆಯೇ ಪಟ ತೆಗೆದಿಟ್ಟಂತೆ ಕಾದಿರಿಸಬಹುದು; ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಆಮೇಲೆ ಏನು ಕೆಡಿಸಿದರೂ ಹಿಂದಿನ ಸ್ಥಿತಿಗೆ ಮರಳಬಹುದು. ಒಮ್ಮೆ ಬೇಕೆಂದೇ ಮುಖ್ಯವಾದುದೇನನ್ನೋ ಅಳಿಸಿ ನೋಡಿದೆ. ಮರುಬಾರಿ ಹಚ್ಚಿದಾಗ ಪರದೆ ಕಪ್ಪು. ಸ್ನ್ಯಾಪ್‌ಶಾಟಿಗೆ ಮರಳಿಸಿದೆ, ಏನೂ ಆಗದಂತೆ ಬೆಳಗಿತು. ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಇದು. ತಪ್ಪಿಗೆ ದಂಡವಿಲ್ಲದ ಕಡೆ ಕಲಿಕೆ ಎಷ್ಟು ಬೇಗ ಸಾಗುತ್ತದೆಂಬುದನ್ನು ಆ ದಿನ ಆ ಕೈಯೇ ಕಂಡುಕೊಂಡಿತು.

ಮುಂದೆ ಕೀಲಿಮಣೆ. ಕೆ. ಪಿ. ರಾವ್ ಅವರು ಉಚ್ಚಾರಣೆಗೆ ಅನುಗುಣವಾಗಿ ರೂಪಿಸಿದ ಕನ್ನಡ ವಿನ್ಯಾಸದಿಂದ ಬೆಳೆದ ಕ-ಗ-ಪ ಕೀಲಿಮಣೆಯೇ ನನ್ನ ಬೆರಳಿಗೆ ರೂಢಿ. ಅದು ಇಲ್ಲಿಯೂ ಇತ್ತು. ಹಳಗನ್ನಡದ ಱ, ೞ ಅಕ್ಷರಗಳೂ ತೆರೆಯ ಮೇಲೆ ಸರಿಯಾಗಿಯೇ ಕಂಡವು. ಹೊಸ ಮನೆ ವಾಸಯೋಗ್ಯವೆಂದು ತೀರ್ಮಾನಿಸಿ, ನನ್ನ ಪದಸಂಗ್ರಹದ ಒಂದು ಪ್ರತಿಯನ್ನು ಒಳಯಂತ್ರಕ್ಕೆ ಸಾಗಿಸಿ ತೆರೆದೆ.

ಕಂಡದ್ದು ಕನ್ನಡವಲ್ಲ. ಪುಟದ ತುಂಬ ರೋಮನ್ ಅಕ್ಷರಗಳು. ಅವುಗಳ ತಲೆಯ ಮೇಲೆ ಕೊಂಬು, ಚುಕ್ಕಿ, ಟೋಪಿ. ನಡುನಡುವೆ ಲೆಕ್ಕದ ಚಿಹ್ನೆಗಳು. ಶುದ್ಧ ಕಲಸುಮೇಲೋಗರ. ಮುಂದಿನ ಪುಟವೂ ಹಾಗೆಯೇ. ೪೨೦೦ ಮಾತುಗಳಲ್ಲಿ ಒಂದೂ ಓದಲು ಬಾರದು. ಇದು ಮರಳು, ನಿಜವಾದ ಪ್ರತಿ ಹೊರಗೆ ಕ್ಷೇಮವಾಗಿದೆ ಎಂದು ಬುದ್ಧಿ ಹೇಳುತ್ತಿತ್ತು. ಕೈ ಮಾತ್ರ ನಡುಗುತ್ತಿತ್ತು. ಹಳೆಯದನ್ನು ಅಳಿಸಿ ಹೊಸದನ್ನು ಹೂಡಿ, ಆಮೇಲೆ ಇದನ್ನು ಕಂಡಿದ್ದರೆ?

ರಾತ್ರಿ ಅಳಿಯ ಫೋನಿನಲ್ಲಿ ಬಿಡಿಸಿ ಹೇಳಿದ. ತಪ್ಪು ಡೆಬಿಯನ್ನಿನದಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಾನು ಬಳಸಿದ ಬರೆಹದ ತಂತ್ರಾಂಶ ಆ ಕಾಲದ ಪದ್ಧತಿಯಂತೆ ರೋಮನ್ ಅಕ್ಷರಗಳ ಅಂಕಿಗಳನ್ನೇ ಬರೆದಿಟ್ಟು, ಮೇಲೆ ಕನ್ನಡದ ರೂಪವನ್ನು ತೊಡಿಸುತ್ತಿತ್ತು. ಬಯಲಾಟದ ವೇಷವಿದ್ದಂತೆ. ರಂಗದ ಮೇಲೆ ಕಿರೀಟ ಭುಜಕೀರ್ತಿಗಳಿಂದ ಸಾಕ್ಷಾತ್ ಅರ್ಜುನ. ಚೌಕಿಯಲ್ಲಿ ವೇಷ ಕಳಚಿದರೆ ಪಕ್ಕದೂರಿನವನು. ಫಾಂಟೆಂಬುದೇ ಆ ವೇಷ. ನನ್ನ ಹಳೆಯ ಯಂತ್ರದಲ್ಲಿ ಆ ಫಾಂಟಿತ್ತು; ಕನ್ನಡ ಕಂಡಿತು. ಒಳಯಂತ್ರದಲ್ಲಿರಲಿಲ್ಲ, ನಿಜರೂಪ ಹೊರಬಿತ್ತು.

“ಆ ಫಾಂಟನ್ನು ಇಲ್ಲಿಗೂ ತಂದರೆ ಕನ್ನಡ ಕಾಣುತ್ತದೆ ಮಾವ. ಆದರೆ ರೋಗ ವಾಸಿಯಾಗುವುದಿಲ್ಲ” ಎಂದ. ನಿಜ. ೧೯೯೧ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಕ್ರಮದ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಕಾದಿರಿಸಿದ್ದರು. ‘ಅ’ ಎಂದರೆ ೩೨೦೫, ‘ಕ’ ಎಂದರೆ ೩೨೨೧. ಫಾಂಟು ಯಾವುದೇ ಇರಲಿ, ಯಂತ್ರ ಯಾವುದೇ ಇರಲಿ, ೩೨೨೧ ಎಂದರೆ ಕನ್ನಡದ ಕಕಾರವೆ. ತಪ್ಪುಗಳು ಅಲ್ಲಿಯೂ ಇಲ್ಲದಿಲ್ಲ. ನಮ್ಮ ೞಕ್ಕೆ ಅವರು ಇಂಗ್ಲಿಷಿನಲ್ಲಿ ‘ಫ’ ಎಂಬ ಹೆಸರಿಟ್ಟರು! ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ ಆ ಹೆಸರು ಉಳಿದು, ತಿದ್ದುಪಡಿ ಪಕ್ಕದಲ್ಲಿ ನಿಂತಿದೆ. ಹೆಸರು ಏನೇ ಇರಲಿ, ಅಕ್ಷರದ ಸ್ಥಾನ ಭದ್ರ.

ಆಗ ನನಗೊಂದು ಹಳೆಯ ಒಗಟು ಬಿಡಿಸಿತು. ಪದಗಳನ್ನು ಅಕಾರಾದಿಯಾಗಿ ಜೋಡಿಸೆಂದು ಯಂತ್ರಕ್ಕೆ ಎಷ್ಟು ಸಲ ಹೇಳಿದರೂ ಅದು ಅಡ್ಡಾದಿಡ್ಡಿ ಜೋಡಿಸುತ್ತಿತ್ತು. ವರ್ಷಗಟ್ಟಲೆ ನಾನೇ ಕೈಯಿಂದ ಜೋಡಿಸಿದ್ದೆ. ಯಂತ್ರಕ್ಕೆ ಕನ್ನಡವೇ ಗೊತ್ತಿಲ್ಲದ ಮೇಲೆ ವರ್ಣಮಾಲೆ ಎಲ್ಲಿಂದ ತಿಳಿಯಬೇಕು?

ಹಳೆಯ ಕ್ರಮದಿಂದ ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಉತ್ಸಾಹಿ ತರುಣರು ಮಾಡಿ, ಮೂಲ ಬರೆಹದ ಸಮೇತ, ಎಲ್ಲರಿಗೂ ಕೊಟ್ಟಿದ್ದಾರೆ. ಇಪ್ಪತ್ತು ವರ್ಷಗಳ ಬರೆಹ ಕ್ಷಣಮಾತ್ರದಲ್ಲಿ ಕನ್ನಡವಾಯಿತು. ಆದರೆ ಪೂರ್ತಿ ಶುದ್ಧವಾಗಲಿಲ್ಲ. ‘ವರ್ಷ’, ‘ಕಾರ್ಯ’ ಮೊದಲಾದ ಅರ್ಕಾವತ್ತಿನ ಪದಗಳು ಕೆಲವೆಡೆ ಕೆಟ್ಟಿದ್ದವು. ಅನುಸ್ವಾರ ಇರಬೇಕಾದಲ್ಲಿ ಸೊನ್ನೆ ಕೂತಿತ್ತು. ನೋಡಲು ಒಂದೇ, ಯಂತ್ರಕ್ಕೆ ಬೇರೆ. ಇದನ್ನು ಮನುಷ್ಯನ ಕಣ್ಣೇ ತಿದ್ದಬೇಕು. ನನ್ನ ಮನೆಯಾಕೆ ಹಳೆಯ ಅಚ್ಚಿನ ಹಾಳೆಗಳನ್ನು ಹಿಡಿದು ಗಟ್ಟಿಯಾಗಿ ಓದಿದಳು. ನಾನು ಪರದೆಯ ಮೇಲೆ ಹೋಲಿಸಿ ತಿದ್ದಿದೆ. ದಿನಕ್ಕೆ ಐವತ್ತು ಪದ. ಹಿಂದಿನ ಕಾಲದಲ್ಲಿ ಗರಿ ಲಡ್ಡಾಗುವ ಮುನ್ನ ಹೊಸ ಗರಿಗೆ ಪ್ರತಿಮಾಡುತ್ತಿದ್ದವರೂ ಹೀಗೆಯೇ, ಒಬ್ಬರು ಓದಿ ಒಬ್ಬರು ಬರೆದು, ಕೂತಿರಬೇಕು.

ಎರಡನೆಯ ದಿನ ‘ಅಡಕಲು’ ಎಂಬ ಮಾತು ಬಂದಿತು. ಅಡಕಲೆಂದರೆ ಒಂದರ ಮೇಲೊಂದು ಇಟ್ಟ ಗಡಿಗೆಗಳ ಸಾಲು. ಹೇಳಿದವರು, ನನ್ನ ತಾಯಿ. ಪ್ರಯೋಗ ವಾಕ್ಯವನ್ನು ಮನೆಯಾಕೆ ಓದಿದಳು: “ಕೆಳಗಿನ ಗಡಿಗೆ ಬೇಕಾದ್ರೆ ಮೇಲಿನವನ್ನ ಒಂದೊಂದಾಗಿ ಇಳಿಸ್ಬೇಕಪ್ಪ, ಎಳೆದ್ರೆ ಎಲ್ಲ ಒಡೀತಾವೆ.” ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅತ್ತೆಯ ದನಿ ಕೇಳಿದಂತಾಯಿತೆಂದು ಅವಳೆಂದಳು. ಕಲಸುಮೇಲೋಗರವಾಗಿ ಹೋಗಬಹುದಾಗಿದ್ದದ್ದು ಆ ದನಿ.

ಕೆಲಸ ಮುಗಿದ ಮೇಲೆ ಸಂಗ್ರಹದ ಎರಡು ಪ್ರತಿಗಳನ್ನು ಬೇರೆಬೇರೆ ಡಿಸ್ಕಿನಲ್ಲಿ ಇಟ್ಟು, ಒಂದನ್ನು ಅಳಿಯನ ಮನೆಗೆ ಕಳಿಸಿದೆ. ಆ ಬಳಿಕವೇ ಡೆಬಿಯನ್ನನ್ನು ನಿಜವಾದ ಯಂತ್ರಕ್ಕೆ ಹೂಡಿದೆ. ಈಗ ಅಕಾರಾದಿಯಾಗಿ ಜೋಡಿಸೆಂದರೆ ಜೋಡಿಸುತ್ತದೆ.

ಈ ದಾರಿ ಹಿಡಿಯುವವರಿಗೆ ಎರಡು ಮಾತು. ಒಳಯಂತ್ರದಲ್ಲಿ ಎಲ್ಲವೂ ತುಸು ನಿಧಾನ. ಅರ್ಧ ಊಟದಲ್ಲಿ ಕೆಲಸ ಮಾಡುವವನ ವೇಗ ನೋಡಿ ಅವನ ಶಕ್ತಿಯನ್ನು ಅಳೆಯಬಾರದು. ಮತ್ತು ನಿಮ್ಮ ಪ್ರಿಂಟರು, ವೈ-ಫೈ ಹೊಸ ವ್ಯವಸ್ಥೆಗೆ ಒಗ್ಗುವುವೆ ಎಂಬುದು ಅಲ್ಲಿ ಪೂರ್ತಿ ತಿಳಿಯದು. ಅದಕ್ಕೆ ಪೆನ್‌ಡ್ರೈವಿನಿಂದಲೇ ನಡೆಯುವ ‘ಲೈವ್’ ಪ್ರತಿಯುಂಟು; ಡಿಸ್ಕನ್ನು ಮುಟ್ಟದೆ ಅದನ್ನು ಹಚ್ಚಿ ನೋಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ವ್ಯವಸ್ಥೆಯ ಚೆಲುವನ್ನು ನೋಡುತ್ತ ಕೂರದೆ, ನಿಮ್ಮ ಅತ್ಯಂತ ಹಳೆಯ, ಅತ್ಯಂತ ಪ್ರಿಯವಾದ ಕಡತವನ್ನು ಅಲ್ಲಿ ಮೊದಲು ತೆರೆಯಿರಿ. ಮನೆಯ ಲೆಕ್ಕವಿರಬಹುದು, ತಂದೆಯವರ ಕಾಗದವಿರಬಹುದು, ಸಂಘದ ನಡಾವಳಿಯಿರಬಹುದು. ಇಪ್ಪತ್ತು ವರ್ಷಗಳ ಹಿಂದೆ ಕಂಪ್ಯೂಟರಿನಲ್ಲಿ ಕನ್ನಡ ಬರೆದ ಎಷ್ಟೋ ಮನೆಗಳಲ್ಲಿ, ಕಚೇರಿಗಳಲ್ಲಿ, ವೇಷ ತೊಟ್ಟ ಕನ್ನಡ ಇನ್ನೂ ಇದೆ. ವೇಷ ಇರುವತನಕ ಅದು ತಿಳಿಯುವುದಿಲ್ಲ.

ಅಜ್ಜನ ಮರಳಿನ ಮೇಲೆ ನಾನು ಬರೆದ ಯಾವ ಅಕ್ಷರವೂ ಉಳಿಯಲಿಲ್ಲ. ಆದರೆ ಅಲ್ಲಿ ತಿದ್ದಿದ್ದರಿಂದಲೇ ಮುಂದೆ ಕಾಗದದ ಮೇಲೆ ಬರೆದದ್ದು ಉಳಿಯಿತು. ಒಳಯಂತ್ರವನ್ನು ನಾನು ಮೊನ್ನೆ ಅಳಿಸಿಹಾಕಿದೆ. ಅದರ ಕೆಲಸ ಮುಗಿದಿತ್ತು.